ಹಳೆಯ ವಿಳಾಸ

ನನ್ನ ಗುರುಗಳು ನಿವೃತ್ತರಾಗಿ ಬಣಕಲ್ಲಿನ ಅಣ್ಣನ ತೋಟದಲ್ಲಿ ನೆಲೆಸಿದಾಗ ಅಂಚೆಯವನು ಮೂರೇ ದಿನಕ್ಕೆ ಮನೆ ಗುರುತು ಹಿಡಿದ. ಹಳೆಯ ಊರಿನ ಅಂಚೆ ಕಚೇರಿಗೆ ಅರ್ಜಿ ಕೊಟ್ಟು ಬಂದಿದ್ದರು. ಅಲ್ಲಿಗೆ ಬಂದ ಕಾಗದಗಳು ವಿಳಾಸ ತಿದ್ದಿಸಿಕೊಂಡು, ಮಳೆಗೆ ಮೂಲೆ ನೆನೆದರೂ, ಇಲ್ಲಿಗೆ ತಲುಪುತ್ತಿದ್ದವು.

ವಿಶ್ವವಿದ್ಯಾಲಯ ಕೊಟ್ಟಿದ್ದ ಇ-ಮೇಲಿಗೆ ಆ ಉಪಚಾರವಿಲ್ಲ. 2022ರ ಜುಲೈಯಲ್ಲಿ ಗೂಗಲ್, ವಿದ್ಯಾಸಂಸ್ಥೆಗಳಿಗೆ ಕೊಟ್ಟಿದ್ದ ಮಿತಿಯಿಲ್ಲದ ಜಾಗವನ್ನು ನಿಲ್ಲಿಸಿ, ಇಡೀ ಸಂಸ್ಥೆಗೆ 100 ಟೆರಾಬೈಟ್ ಎಂದು ಗೆರೆ ಎಳೆಯಿತು. ಆಮೇಲೆ ಹಲವು ಕಡೆ ಹೊರಗೆ ಹೋಗಬೇಕಾದವರು ಹಳೆಯ ವಿದ್ಯಾರ್ಥಿಗಳು, ನಿವೃತ್ತರು. ಕೂಡುಕುಟುಂಬದಲ್ಲಿ ಜಾಗ ಸಾಲದಾದಾಗ ಮುದುಕರ ಹಾಸಿಗೆ ಜಗಲಿಗೆ ಬರುವುದು ಹೊಸದಲ್ಲವಷ್ಟೆ!

“ಬಾರಯ್ಯಾ, ತಿಂಗಳೊಳಗೆ ಮನೆ ಖಾಲಿ ಮಾಡಬೇಕಂತೆ” ಎಂದು ಗುರುಗಳು ಕರೆದರು. ಹೋದೆ. ಅವರ ಪುಸ್ತಕಗಳ ಬೆನ್ನಿನ ಮೇಲೆಲ್ಲ ಆ ವಿಳಾಸವೇ ಅಚ್ಚಾಗಿದೆ. ಬ್ಯಾಂಕಿನಲ್ಲೂ ಅದೇ; ಬದಲಿಸಹೊರಟರೆ ಒಪ್ಪಿಗೆ ಕೇಳುವ ಸಂದೇಶ ಹಳೆಯ ವಿಳಾಸಕ್ಕೇ ಹೋಗುತ್ತದೆ. ಅವರಿಗೆ ಅದರ ಚಿಂತೆಯಿಲ್ಲ. ತೀರಿಹೋದ ಶಿಷ್ಯನೊಬ್ಬನ ಕಾಗದಗಳು ಅಲ್ಲಿವೆ, ಅವು ಬೇಕು.

ಒಳಹೋಗಲು ಮೊಬೈಲಿಗೆ ಬರುವ ಆರು ಅಂಕಿ ಬೇಕು. ಮನೆಯೊಳಗೆ ಸಿಗ್ನಲ್ ಇಲ್ಲ. ಗುರುಗಳು ಕೊಡೆ ಹಿಡಿದು ಕಾಫಿ ಕಣದ ತುದಿಯಲ್ಲಿ ನಿಂತು, ಹಿಂದೆ ಛಂದಸ್ಸು ಹೇಳಿಕೊಟ್ಟ ದನಿಯಲ್ಲೇ ಅಂಕಿಗಳನ್ನು ಕೂಗಿದರು. ಹಂಚಿನ ಮೇಲಿನ ಮಳೆಯಲ್ಲಿ ಏಳು ಕೇಳಿಸಿತೋ ಎಂಟೋ! ಮೂರನೆಯ ಸಲಕ್ಕೆ ಬಾಗಿಲು ತೆರೆಯಿತು.

ಹನ್ನೊಂದು ಕಾಗದಗಳಿದ್ದವು. ಎಲ್ಲವನ್ನೂ ಪೆನ್‌ಡ್ರೈವಿಗೆ ಇಳಿಸಿದೆ. ಗುರುಗಳು ಒದ್ದೆ ಕೊಡೆಯನ್ನು ಜಗಲಿಯಲ್ಲಿಟ್ಟು ಬಂದು, “ಕೊನೆಯದಕ್ಕೆ ನಾನು ಉತ್ತರ ಬರೆದಿದ್ದೆನೇ, ನೋಡಯ್ಯಾ” ಎಂದರು.

ಹುಡುಕಿದೆ. ಬರೆದಿರಲಿಲ್ಲ.