ತಳಿ ರಸ್ತೆಯ ಜಗಲಿಯಲ್ಲಿ ಒಂದು ಇಂಡ್-ಸುಜುಕಿ

ಹೊಸೂರಿನಿಂದ ತಳಿಯ ಕಡೆಗೆ ಹೊರಟು ಮತ್ತಿಗಿರಿಯನ್ನು ಹಿಂದೆ ಬಿಟ್ಟರೆ ಪೇಟೆಯ ಸದ್ದು ಮೆಲ್ಲನೆ ಅಡಗುತ್ತದೆ. ಎರಡೂ ಬದಿಯಲ್ಲಿ ರಾಗಿಯ ಹೊಲಗಳು, ನಡುನಡುವೆ ಗುಲಾಬಿ ಬೆಳೆಯುವ ಬಿಳಿಯ ಪಾಲಿಹೌಸುಗಳು. ಅಂಗಡಿಯ ಫಲಕದಲ್ಲಿ ತಮಿಳು, ಒಳಗಿನ ಮಾತಿನಲ್ಲಿ ಕನ್ನಡವೋ ತೆಲುಗೋ. ಈ ರಸ್ತೆಯಂಚಿನ ಹಳ್ಳಿಯೊಂದರ ಹೆಂಚಿನ ಮನೆಯ ಜಗಲಿಯಲ್ಲಿ, ಕಳೆದ ಬೇಸಗೆಯ ರಜೆಯಲ್ಲಿ, ಗೋಣಿತಾಟಿನ ಮೇಲೆ ಒಂದು ಮೋಟಾರ್ ಸೈಕಲ್ಲು ಬಿಡಿಬಿಡಿಯಾಗಿ ಬಿಚ್ಚಿಕೊಂಡು ಕುಳಿತಿತ್ತು. ಬಿಚ್ಚಿದವರು ಎಪ್ಪತ್ತು ದಾಟಿದ ರೈತರು. ಅವರ ಪಕ್ಕದಲ್ಲಿ ಪೆನ್ಸಿಲ್ ಹಿಡಿದು ಕುಳಿತವಳು ಕನ್ನಡ ಮಾಧ್ಯಮದಲ್ಲಿ ಎಂಟನೆಯ ತರಗತಿ ಮುಗಿಸಿದ ಮೊಮ್ಮಗಳು.

ಬೈಕು ಇಂಡ್-ಸುಜುಕಿಯ ಎಎಕ್ಸ್ 100. ಜಪಾನಿನ ಹಮಾಮತ್ಸು ಪಟ್ಟಣದಲ್ಲಿ 1909ರಲ್ಲಿ ಮಗ್ಗಗಳನ್ನು ತಯಾರಿಸಲು ಆರಂಭವಾದ ಸುಜುಕಿ ಸಂಸ್ಥೆ 1952ರಲ್ಲಿ ಸೈಕಲ್ಲಿಗೆ ಎಂಜಿನ್ ಕೂಡಿಸಿತು. ಮೂವತ್ತು ವರ್ಷಗಳ ಬಳಿಕ ಟಿವಿಎಸ್ ಜೊತೆಗೂಡಿ ಹೊಸೂರಿಗೆ ಬಂತು. ಟಿವಿಎಸ್ 50 ಮೊಪೆಡ್ 1980ರಿಂದಲೇ ಇಲ್ಲಿ ತಯಾರಾಗುತ್ತಿತ್ತು. 1984ರಲ್ಲಿ ಅದೇ ಊರಿನಿಂದ ಇಂಡ್-ಸುಜುಕಿ ಹೊರಬಿತ್ತು. ಮರುವರ್ಷ ಹೀರೋ ಹೋಂಡಾ, ಯಮಹಾಗಳು ಬಂದವು. ಅವುಗಳ ಹೆಸರು ಇಂದಿಗೂ ಎಲ್ಲರ ಬಾಯಲ್ಲಿದೆ, ಇದರದು ಮರೆಯಾಗಿದೆ. ಮರೆಯಲು ಕಾರಣವೂ ಇದೆ: 1986ರಲ್ಲಿ ಕಂಪನಿಯ ಹೆಸರು ಟಿವಿಎಸ್-ಸುಜುಕಿ ಎಂದಾಯಿತು, 2001ರಲ್ಲಿ ಸುಜುಕಿಯೂ ಅಗಲಿತು. ‘ಇಂಡ್-ಸುಜುಕಿ’ ಎಂಬ ಅಕ್ಷರಗಳು ಟ್ಯಾಂಕಿನ ಮೇಲೆ ಬಾಳಿದ್ದು ಅತ್ಯಲ್ಪ ಕಾಲ.

ಈ ಬೈಕನ್ನು ಕೊಂಡದ್ದು 1985ರಲ್ಲಿ, ಎರಡೆಕರೆ ರಾಗಿಯ ಹೊಲ ಕೈಗಾರಿಕಾ ಪ್ರದೇಶಕ್ಕೆ ಹೋದಾಗ ಬಂದ ಹಣದಲ್ಲಿ. ಹಣದ ಮಿಕ್ಕ ಭಾಗ ತಂಗಿಯ ಮದುವೆಗೂ ಸಾಲಕ್ಕೂ ಸಂದಿತು. ಕಣ್ಣೆದುರಿಗೆ ಉಳಿದದ್ದು ಇದೊಂದೇ. ಹಿಂದೆ ಹಾಲಿನ ಕ್ಯಾನು, ಸೊಪ್ಪಿನ ಮೂಟೆ, ಕೆಲವೊಮ್ಮೆ ಜ್ವರ ಬಂದ ಮಗು—ಎಲ್ಲವನ್ನೂ ಹೊತ್ತು ಕಡೆಗೊಂದು ದಿನ ನಿಂತುಹೋಯಿತು. ಹದಿನೆಂಟು ವರ್ಷ ದನದ ಕೊಟ್ಟಿಗೆಯಲ್ಲಿ ನಿಂತಿದ್ದ ಅದನ್ನು ಗುಜರಿಯವರು ಎಷ್ಟೋ ಬಾರಿ ಕೇಳಿದರೂ ಅವರು ಕೊಡಲಿಲ್ಲ. ಕೊಡದಿರುವುದಕ್ಕೆ ಕಾರಣವನ್ನೂ ಹೇಳಲಿಲ್ಲ.

ಕೆಲಸ ಮೊದಲ ದಿನವೇ ಒಂದು ತಿರುಪುಮೊಳೆಯ ಮುಂದೆ ನಿಂತಿತು. ಜಪಾನಿ ಮಾದರಿಯ ಎಂಜಿನ್ನುಗಳ ಮುಚ್ಚಳಕ್ಕೆ ಹಾಕುವ ಮೊಳೆಗಳ ತಲೆಯಲ್ಲಿ ಕೂಡಿಸುವ ಚಿಹ್ನೆಯಂಥ ಗಾಡಿ ಇರುತ್ತದೆ. ನಮ್ಮ ಸ್ಟಾರ್ ಸ್ಕ್ರೂಡ್ರೈವರಿಗೆ ಅದು ಒಪ್ಪುವಂತೆ ಕಂಡರೂ ನಿಜಕ್ಕೂ ಒಪ್ಪುವುದಿಲ್ಲ. ಆ ಗಾಡಿಯ ಆಳ ಕಡಿಮೆ. ಸಾಮಾನ್ಯ ಸ್ಕ್ರೂಡ್ರೈವರಿನ ಚೂಪುತುದಿ ತಳಕ್ಕೆ ತಾಗಿ ರೆಕ್ಕೆಗಳು ಪೂರ್ತಿ ಕೂರುವುದಿಲ್ಲ, ಬಲ ಹಾಕಿದೊಡನೆ ಜಾರಿ ಮೊಳೆಯ ತಲೆ ಸವೆದುಹೋಗುತ್ತದೆ. ಎರಡು ಮೊಳೆಗಳು ಹೀಗೆ ಹಾಳಾದ ಮೇಲೆ ತಾತ ಸ್ಕ್ರೂಡ್ರೈವರಿನ ತುದಿಯನ್ನು ಸಾಣೆಗೆ ಹಿಡಿದು ಒಂದಿಷ್ಟು ಮೊಂಡು ಮಾಡಿದರು. ರಾತ್ರಿ ಪ್ರತಿ ಮೊಳೆಯ ಬುಡಕ್ಕೂ ಎಣ್ಣೆಯ ಹನಿ ಬಿಟ್ಟು, ಬೆಳಿಗ್ಗೆ ಸುತ್ತಿಗೆಯಿಂದ ಒಂದೊಂದು ಪೆಟ್ಟು ಕೊಟ್ಟು ತಿರುಗಿಸಿದಾಗ ಮಿಕ್ಕವು ‘ಟಕ್’ ಎಂದು ಸಡಿಲವಾದವು. ಮನೆಯಲ್ಲಿ ಹಳೆಯ ಬೈಕು ಬಿಚ್ಚುವವರು ಬಲಕ್ಕಿಂತ ಮೊದಲು ಕಲಿಯಬೇಕಾದದ್ದು ಈ ಒಂದು ರಾತ್ರಿಯ ತಾಳ್ಮೆಯನ್ನು.

ಮುಚ್ಚಳದ ಮೊಳೆಗಳೆಲ್ಲ ಒಂದೇ ಉದ್ದದವಲ್ಲ. ಉದ್ದದ ಮೊಳೆಯನ್ನು ಗಿಡ್ಡ ತೂತಿಗೆ ಹಾಕಿ ಬಿಗಿದರೆ ಅಲ್ಯೂಮಿನಿಯಂ ಬಿರಿಯುತ್ತದೆ. ಹುಡುಗಿ ನೋಟ್‌ಬುಕ್ಕಿನ ರಟ್ಟಿನ ಮೇಲೆ ಮುಚ್ಚಳದ ಆಕಾರ ಬರೆದು, ಮೊಳೆ ಇದ್ದ ಜಾಗದಲ್ಲೆಲ್ಲ ತೂತು ಮಾಡಿ, ಆಯಾ ಮೊಳೆಯನ್ನು ಅಲ್ಲೇ ಚುಚ್ಚಿಟ್ಟಳು. ಮಿಕ್ಕ ಭಾಗಗಳು ಹಳೆಯ ಟಿಫಿನ್ ಡಬ್ಬಿಗಳಿಗೆ ಹೋದವು. ಪ್ರತಿ ಡಬ್ಬಿಗೂ ಕನ್ನಡದಲ್ಲಿ ಚೀಟಿ: ‘ಕ್ಲಚ್ಚಿನ ತಟ್ಟೆಗಳು, ಕ್ರಮ ಬದಲಿಸಬಾರದು’, ‘ಬಲಮುಚ್ಚಳ, ಮೇಲಿನಿಂದ ಎರಡನೆಯದು ಉದ್ದ’.

“ಗ್ಯಾಸ್ಕೆಟ್‌ಗೆ ಏನು ಬರೀಲಿ ತಾತ?”

“ಗ್ಯಾಸ್ಕೆಟ್ ಅಂತ್ಲೇ ಬರಿಯಮ್ಮ. ಹುಡುಕುವಾಗ ಸಿಕ್ಕಬೇಕು, ಅಷ್ಟೆ.”

ಎರಡು ಸ್ಟ್ರೋಕಿನ ಎಂಜಿನ್ ನಿಂತಲ್ಲೇ ಮುದಿಯಾಗುತ್ತದೆ. ಕ್ರ್ಯಾಂಕಿನ ಎರಡು ತುದಿಯ ಆಯಿಲ್ ಸೀಲುಗಳ ರಬ್ಬರು ಗಟ್ಟಿಯಾಗಿ, ಅಲ್ಲಿಂದ ಗಾಳಿ ನುಸುಳಿದರೆ ಪೆಟ್ರೋಲಿನ ಪಾಲು ಕಡಿಮೆಯಾಗಿ ಎಂಜಿನ್ ಅತಿಯಾಗಿ ಕಾಯುತ್ತದೆ, ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಇದನ್ನು ಮರೆತು ಬರೀ ಕಾರ್ಬುರೇಟರ್ ತೊಳೆದು ಕಿಕ್ ಹೊಡೆಯುವವರೇ ಹೆಚ್ಚು. ಸಿಲಿಂಡರ್ ಲೇತ್ ಅಂಗಡಿಗೆ ಹೋಗಿ, ಅರ್ಧ ಮಿಲಿಮೀಟರ್ ದೊಡ್ಡ ಪಿಸ್ಟನ್ನಿಗೆ ತಕ್ಕಂತೆ ಬೋರ್ ಮಾಡಿಸಿಕೊಂಡು ಬಂತು. ಆ ಪಿಸ್ಟನ್ನಿಗಾಗಿ ತಾತ ಗಡಿ ದಾಟಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ದಿನ ಅಲೆದರು. ಪಿಸ್ಟನ್ನಿನ ನೆತ್ತಿಯ ಬಾಣದ ಗುರುತು ಹೊಗೆ ಹೊರಹೋಗುವ ದಿಕ್ಕಿಗಿರಬೇಕು. ಉಂಗುರದ ಸೀಳು ಗಾಡಿಯೊಳಗಿನ ಪುಟ್ಟ ಪಿನ್ನಿಗೆ ಸರಿಯಾಗಿ ಕೂರಬೇಕು. ಸಿಲಿಂಡರನ್ನು ಇಳಿಸುವಾಗ ಉಂಗುರಗಳನ್ನು ಬೆರಳಿನಿಂದ ಒತ್ತಿ ಹಿಡಿದವಳು ಮೊಮ್ಮಗಳು. ತಾತನ ಬೆರಳು ಈಗ ನಡುಗುತ್ತದೆ. ಗ್ಯಾಸ್ಕೆಟ್ ಎಲ್ಲಿಯೂ ಸಿಕ್ಕದಾಗ ಅದರ ಕಾಗದವನ್ನು ಮುಚ್ಚಳದ ಅಂಚಿಗೆ ಹಿಡಿದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕತ್ತರಿಸಿಕೊಂಡರು.

ಜಗಳ ಬಂದದ್ದು ಟ್ಯಾಂಕಿನ ವಿಷಯಕ್ಕೆ. ಒಳಗಿನ ತುಕ್ಕು ವಿನೆಗರಿಗೆ ಕರಗಿತು, ಸೋಡಾಪುಡಿಯ ನೀರಿನಿಂದ ತೊಳೆದದ್ದಾಯಿತು. ಹೊರಗಿನ ಕೆಂಪು ಬಣ್ಣವೋ, ಮೊಣಕಾಲು ಉಜ್ಜಿದ ಎರಡು ಕಡೆ ಸವೆದು ಲೋಹ ಕಾಣುತ್ತಿತ್ತು. ಹೆಸರಿನ ಅಕ್ಷರಗಳಲ್ಲಿ ಅರ್ಧ ಅಳಿಸಿತ್ತು. ಪೂರ್ತಿ ಕೆರೆದು ಹೊಸ ಬಣ್ಣ ಹೊಡೆಸೋಣ, ಖರ್ಚು ನನ್ನದು ಎಂದು ಮಗ ಹೇಳಿದ. ಅವನದೂ ಪ್ರೀತಿಯ ಮಾತೇ. ತಾತ ಒಪ್ಪಿಯೂ ಬಿಟ್ಟಿದ್ದರು. ಹುಡುಗಿ ಮಾತ್ರ ಟ್ಯಾಂಕನ್ನು ಮಡಿಲಲ್ಲಿಟ್ಟುಕೊಂಡು ಕುಳಿತು, ಸವೆದ ಜಾಗಕ್ಕೆ ಕೈಯಿಟ್ಟು, “ಇದು ನಿನ್ನ ಮೊಣಕಾಲಲ್ವಾ ತಾತ?” ಎಂದಳು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ಬಣ್ಣದಂಗಡಿಯಿಂದ ತಂದದ್ದು ಪಾರದರ್ಶಕ ವಾರ್ನಿಷಿನ ಒಂದು ಡಬ್ಬಿ. ಮಗ ಎರಡು ದಿನ ಮುನಿಸಿಕೊಂಡಿದ್ದು, ಮೂರನೆಯ ದಿನ ಹೊಸ ಟೈರುಗಳನ್ನು ತಂದ.

ಕಾಗದಪತ್ರದ ಕೆಲಸ ಬೇರೆ. ಹದಿನೈದು ವರ್ಷ ದಾಟಿದ ಬೈಕಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 2021ರ ನಿಯಮದಂತೆ ‘ವಿಂಟೇಜ್’ ಎನಿಸಿಕೊಳ್ಳಲು ಐವತ್ತು ವರ್ಷ ತುಂಬಿರಬೇಕು. ಇದಕ್ಕೆ 2035ರವರೆಗೆ ಕಾಯಬೇಕು. ಹಾಗೆ ನೋಂದಾಯಿಸಿದ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲವೆಂದು ಹುಡುಗಿ ಓದಿ ಹೇಳಿದಾಗ, “ಹಾಗಾದ್ರೆ ಅದು ನಮಗೆ ಬೇಡ” ಎಂದರು ತಾತ.

ಶಾಲೆ ತೆರೆಯುವ ಹಿಂದಿನ ಭಾನುವಾರ, ಹನ್ನೊಂದನೆಯ ಕಿಕ್ಕಿಗೆ ಎಂಜಿನ್ ಎದ್ದಿತು. ನೀಲಿ ಹೊಗೆ ಜಗಲಿಯನ್ನೆಲ್ಲ ತುಂಬಿ, ಕೋಳಿಗಳು ದಿಕ್ಕಾಪಾಲಾದವು. ನವೀಕರಣದ ಕಾಗದ ಕೈಗೆ ಬಂದ ವಾರ ಮೊಮ್ಮಗಳನ್ನು ಹಿಂದೆ ಕೂರಿಸಿಕೊಂಡು, ಹೊಸ ಪಿಸ್ಟನ್ ಹದಕ್ಕೆ ಬರಲೆಂದು ವೇಗ ಹೆಚ್ಚಿಸದೆ, ಅವರು ಹೊಸೂರನ್ನು ಹಾಯ್ದು ಕೈಗಾರಿಕಾ ಪ್ರದೇಶದವರೆಗೆ ಹೋದರು. ಒಂದು ಉದ್ದನೆಯ ಕಾಂಪೌಂಡಿನ ಬದಿಗೆ ಹಳೆಯ ಹೊಂಗೆಮರವಿತ್ತು, ಹಿಂದೆ ಹೊಲದ ಬದುವಿನ ಮೇಲಿದ್ದದ್ದು. ಅದರ ನೆರಳಿನಲ್ಲಿ ಬೈಕು ನಿಲ್ಲಿಸಿ, ಬಗ್ಗಿ ಪೆಟ್ರೋಲಿನ ನಲ್ಲಿ ಮುಚ್ಚಿ, ಎಂಜಿನ್ ತಣಿಯುವ ತನಕ ಇಬ್ಬರೂ ಅಲ್ಲೇ ಕುಳಿತಿದ್ದರು.