ಛತ್ರ ಖಾಲಿ ಮಾಡಿದ ಮೇಲೆ

ಮದುವೆ ಮನೆಯವರು ಮುಹೂರ್ತ, ಊಟ, ಉಡುಗೊರೆ ಎಲ್ಲ ಲೆಕ್ಕ ಹಾಕ್ತಾರೆ. ಪರ ಊರಿಂದ ಬಂದವರು ಊಟ ಮುಗಿಸಿ ರಾತ್ರಿ ರೈಲಿನ ತನಕ ಎಲ್ಲಿರಬೇಕು ಅನ್ನೋದನ್ನ ಮಾತ್ರ ಯಾರೂ ಯೋಚಿಸಲ್ಲ. ಮೈಸೂರಿನಲ್ಲಿ ನನ್ನ ಮಗಳ ಮದುವೆ ಗೊತ್ತಾದಾಗ ನನ್ನ ನಿದ್ದೆ ಕೆಡಿಸಿದ್ದು ಇದೇ. ಭಾನುವಾರ ಸಂಜೆ 4ಕ್ಕೆ ಛತ್ರ ಬಿಟ್ಟುಕೊಡಬೇಕು. ಧಾರವಾಡದ ಬೀಗರ ಕಡೆಯ ಮೂವತ್ತು ಜನಕ್ಕೆ ರೈಲು ರಾತ್ರಿ ಹತ್ತರ ಮೇಲೆ. ಅದರಲ್ಲಿ ಹುಡುಗನ ಅಜ್ಜಿಗೆ 82 ವರ್ಷ. ಅಷ್ಟು ಹೊತ್ತು ಅವರನ್ನು ಪ್ಲಾಟ್‌ಫಾರಂನಲ್ಲಿ ಕೂರಿಸಿದರೆ ಆ ಮಾತು ಮಗಳ ಬೆನ್ನಿಗೇ ಧಾರವಾಡಕ್ಕೆ ಹೋಗುತ್ತೆ!

"ಬೃಂದಾವನಕ್ಕೆ ಬಸ್ ಮಾಡೋಣ ಅಕ್ಕ" ಅಂದ ತಮ್ಮ. ಬೇಡ ಅಂದೆ. ಭಾನುವಾರದ ಜನಜಂಗುಳಿಯಲ್ಲಿ ಅಷ್ಟು ದೂರ ಹೋಗಿಬರುವಷ್ಟರಲ್ಲಿ ರೈಲೇ ತಪ್ಪೀತು. ಚಾಮುಂಡಿ ಬೆಟ್ಟವನ್ನು ಅವರು ಬಂದಿಳಿದ ಶನಿವಾರವೇ ಮುಗಿಸಿದೆವು. ಮೊದಲು ನಜರಬಾದಿನಲ್ಲಿ ಮೈಲಾರಿ ದೋಸೆ. ಇದು ಬೆಣ್ಣೆ ಹಾಕಿದ ಮೆತ್ತನೆ ದೋಸೆ, ಗರಿಗರಿ ಬೇಕು ಅನ್ನುವವರಿಗೆ ಮೊದಲೇ ಹೇಳಿಬಿಡಿ. ಆಮೇಲೆ ಹುಡುಗರು ಸಾವಿರ ಮೆಟ್ಟಿಲು ಹತ್ತಿದರು, ಹಿರಿಯರು ಬಸ್ಸಿನಲ್ಲಿ ಹೋದರು.

ಭಾನುವಾರ ಊಟ ಆಗುತ್ತಲೇ ತಮ್ಮ ಸಾಮಾನನ್ನೆಲ್ಲ ಸ್ಟೇಷನ್ನಿನ ಕ್ಲೋಕ್ ರೂಮಿಗೆ ಹಾಕಿಬಂದ. ನಾವು ನೇರ ಅರಮನೆಗೆ. ಸಂಜೆ ಐದೂವರೆಯೊಳಗೆ ಒಳಗೆ ಹೋಗಿರಬೇಕು, ಚಪ್ಪಲಿ ಹೊರಗೆ ಬಿಡಬೇಕು. ಎಲ್ಲ ಕೋಣೆ ನೋಡುವ ಹಟ ಬೇಡ. ಕಲ್ಯಾಣ ಮಂಟಪದಲ್ಲಿ ನಿಂತು ತಲೆಯೆತ್ತಿ ಬಣ್ಣದ ಗಾಜಿನ ನವಿಲುಗಳನ್ನು ನೋಡಿದರೆ ಮದುವೆಗೆ ಬಂದವರಿಗೆ ಅಷ್ಟೇ ಸಾಕು. ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆ ಸಮಯದಲ್ಲೇ ಸುಟ್ಟುಹೋಯಿತು, ಇದು 1912ರಲ್ಲಿ ಕಟ್ಟಿ ಮುಗಿಸಿದ್ದು ಅಂತ ಅಜ್ಜಿಗೆ ಹೇಳಿದೆ.

"ಲಗ್ನದಾಗ ಅರಮನಿನ ಸುಟ್ಟಿತ್ತೇನು! ನಮ್ಮ ಲಗ್ನದಾಗ ನಾಕು ಹೋಳಿಗಿ ಹೊತ್ತಿದ್ದಕ್ಕ ನಮ್ಮತ್ತಿ ಹತ್ತು ವರ್ಷ ಆಡಿಕೊಂಡ್ರು" ಅಂದರು. ನಾನು ನಕ್ಕೆ, ಆದರೆ ಎದೆ ಸ್ವಲ್ಪ ಡವಡವ ಅಂತು.

ಗಂಡಸರು ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸ್‌ನಿಂದ ಮೈಸೂರು ಪಾಕ್ ಕಟ್ಟಿಸಿಕೊಂಡು ಬರುವಷ್ಟರಲ್ಲಿ 7 ಗಂಟೆ. ಭಾನುವಾರ ಆದ್ದರಿಂದ ದೀಪಾಲಂಕಾರ ಇತ್ತು. ಹತ್ತಿರಹತ್ತಿರ ಒಂದು ಲಕ್ಷ ಬಲ್ಬು ಒಟ್ಟಿಗೇ ಹೊತ್ತಿದಾಗ ಮೂವತ್ತೂ ಜನ "ಅಬ್ಬಾ" ಅಂದರು.

ಮದುವೆ ಊಟ ಉಂಡವರಿಗೆ ರಾತ್ರಿ ಹೋಟೆಲ್ ಬೇಡವೇ ಬೇಡ. ಅಡುಗೆಯವರಿಗೆ ಹೇಳಿ ಮೊಸರನ್ನದ ಪೊಟ್ಟಣ ಕಟ್ಟಿಸಿದ್ದೆ. ಸ್ಟೇಷನ್ನಿನಲ್ಲಿ ಬೀಗಿತ್ತಿ ತಮ್ಮ ಚೀಲದಿಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ತೆಗೆದು, "ಇದನ್ನೂ ರುಚಿ ನೋಡ್ರಿ" ಅಂತ ನನ್ನ ಎಲೆಗೇ ಹಾಕಿದರು. ಪಕ್ಕದ ಬೆಂಚಿನಲ್ಲಿ ಮಗಳು, ಹಸಿರು ಬಳೆಯ ಕೈಯಲ್ಲಿ ಅಜ್ಜಿಗೆ ಮೊಸರನ್ನ ಇನ್ನಷ್ಟು ಮೆತ್ತಗೆ ಕಲಸುತ್ತಿದ್ದಳು.