ಕಳ್ಳನಿಲ್ಲದ ಕಳವು

ಲಿಂಗಸೂಗೂರು ತಾಲೂಕಿನ ಗುರುಗುಂಟಾದಲ್ಲಿ ಒಂದು ಕಾಲಕ್ಕೆ ಒಂದು ಕಿರಾಣಿ ಅಂಗಡಿಯಿತ್ತು. ಅದರ ಯಜಮಾನರು ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿ, ಮರಳಿ ಬಂದು ಗಾದಿಯ ಮೇಲೆ ಕುಳಿತು ಆ ದಿನದ ಕಿರ್ದಿಯನ್ನು ಬರೆಯುತ್ತಿದ್ದರು. ಬೆಲ್ಲ ಎಷ್ಟು ಉಳಿದಿದೆ, ಹಟ್ಟಿಯ ಗಣಿಗೆ ದುಡಿಯಲು ಹೋಗುವವರ ಮನೆಗಳಿಂದ ಬರಬೇಕಾದ ಉದ್ರಿ ಎಷ್ಟು, ಅಮರೇಶ್ವರ ಜಾತ್ರೆಗೆ ಮೊದಲು ತರಿಸಬೇಕಾದ ಸರಕು ಯಾವುದು ಎಂಬ ಮೂರು ಸಂಗತಿಗಳೂ ಅವರ ಒಂದೇ ತಲೆಯಲ್ಲಿದ್ದವು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಪೂರೈಕೆ, ಹಣಕಾಸು, ಮಾಹಿತಿ ಎಂಬ ಮೂರು ವಿಭಾಗಗಳು ಒಂದೇ ಗಾದಿಯ ಮೇಲೆ ಕುಳಿತಿದ್ದವು. ಅವುಗಳ ನಡುವೆ ಹೊಂದಾಣಿಕೆ ತರಲು ಯಾವ ಸಭೆಯೂ ಬೇಕಾಗಿರಲಿಲ್ಲ.

ಅವರ ಮಗ ವಾಣಿಜ್ಯ ಪದವೀಧರರಾಗಿ ಸಿಂಧನೂರು ಕಡೆಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕಪತ್ರದ ಹೊಣೆ ಹೊತ್ತರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಆ ಸೀಮೆಯನ್ನು ಭತ್ತದ ಕಣಜವನ್ನಾಗಿ ಮಾಡಿದೆ. ಗುರುಗುಂಟಾದ ಒಣನೆಲದಿಂದ ಹೋದವರಿಗೆ ಅಲ್ಲಿಯ ಹಸಿರು ಬೇರೆಯೇ ಲೋಕ. ಗಿರಣಿಯಲ್ಲಿ ಅವರಿಗೆ ಹೊಸದೆನಿಸಿದ್ದು ಅಲ್ಲಿಯ ಮೂರು ಕೋಣೆಗಳು. ಗೇಟಿನ ಬಳಿ ಉಗ್ರಾಣ, ನಡುವೆ ಲೆಕ್ಕದ ಕೋಣೆ, ಮಾಳಿಗೆಯ ಮೇಲೆ ಗಣಕಯಂತ್ರದ ಕೋಣೆ. ಉಗ್ರಾಣದವರು ಚೀಲಗಳನ್ನು ಎಣಿಸುತ್ತಿದ್ದರು, ಲೆಕ್ಕದವರು ರೂಪಾಯಿಗಳನ್ನು ಎಣಿಸುತ್ತಿದ್ದರು, ಮಾಳಿಗೆಯ ಮೇಲಿನ ತರುಣನು ಸರಕಿನ ಸಂಕೇತ ಸಂಖ್ಯೆಗಳನ್ನು ಕಾಯುತ್ತಿದ್ದನು. ಮೂವರೂ ಪ್ರಾಮಾಣಿಕರು. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳಿತು. ಮುಂದೆ ನಡೆದುದರಲ್ಲಿ ಕಳ್ಳನನ್ನು ಹುಡುಕುವ ಓದುಗರಿಗೆ ನಿರಾಶೆಯಾದೀತು.

2022ರ ಜುಲೈ 18ರಿಂದ, ಮೊದಲೇ ತುಂಬಿ ಮೊಹರು ಹಚ್ಚಿ ಮಾರುವ ಅಕ್ಕಿಯ ಚೀಲವು 25 ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದ್ದಾದರೆ ಅದಕ್ಕೆ ಶೇಕಡಾ 5ರಷ್ಟು ಸರಕು ಮತ್ತು ಸೇವಾ ತೆರಿಗೆ ಬಂದಿತು. ಅದಕ್ಕಿಂತ ಹೆಚ್ಚು ತೂಕದ ಚೀಲಕ್ಕೆ ತೆರಿಗೆ ಇರಲಿಲ್ಲ. ಆದ್ದರಿಂದಲೇ ಕರ್ನಾಟಕದ ಅಂಗಡಿಗಳಲ್ಲಿ ಆ ವರ್ಷ 26 ಕಿಲೋ ಅಕ್ಕಿಯ ಚೀಲಗಳು ಕಾಣಿಸಿಕೊಂಡವು. ಇದು ಯುಕ್ತವೇ ಎಂಬ ಚರ್ಚೆ ಆಗ ಅನೇಕ ಮನೆಗಳಲ್ಲಿ ನಡೆಯಿತು. ಕಾನೂನು ಎಳೆದ ಗೆರೆಯ ಆಚೆ ಬಹಿರಂಗವಾಗಿ ನಿಂತು, ತುಂಬಿದ್ದನ್ನೇ ಚೀಲದ ಮೇಲೆ ಬರೆದು ಮಾರುವುದನ್ನು ವಂಚನೆ ಎನ್ನಲಾಗದು. ಒಂದು ಕಿಲೋ ಹೆಚ್ಚು ಕೊಳ್ಳಬೇಕಾಗಿ ಬಂದ ಗೃಹಿಣಿಯ ಗೊಣಗಾಟವನ್ನೂ ತಪ್ಪೆನ್ನಲಾಗದು. ಅದು ಹಾಗಿರಲಿ.

ಈ ಬದಲಾವಣೆಯನ್ನು ಗಿರಣಿಯಲ್ಲಿ ಮೊದಲು ಗಮನಿಸಿದವರು ಗುರುಗುಂಟಾದ ಆ ಲೆಕ್ಕಿಗರೇ. ತೆರಿಗೆ ಎಷ್ಟು, ದರ ಹೇಗೆ ಬದಲಾಗಬೇಕು, ಮಾರಾಟದ ಬಿಲ್ಲಿನಲ್ಲಿ ಏನು ಬರೆಯಬೇಕು ಎಂದು ಎರಡು ಪುಟಗಳ ಟಿಪ್ಪಣಿಯನ್ನು ಸಿದ್ಧಪಡಿಸಿ ಮಾಲೀಕರ ಮುಂದಿಟ್ಟರು. ಮಾಲೀಕರು ಓದಿ, 26 ಕಿಲೋ ಚೀಲಕ್ಕೆ ಒಪ್ಪಿದರು. ಉಗ್ರಾಣದವರು ಕೂಡಲೇ ಚೀಲ ಹೊಲಿದು ಮುದ್ರಿಸಿಕೊಡುವ ಒಂದು ಸಣ್ಣ ಘಟಕಕ್ಕೆ ದೂರವಾಣಿ ಮಾಡಿ, ಜೂನಿನಲ್ಲಿ ಹೇಳಿದ್ದ 6,000 ಚೀಲಗಳ ಮೇಲೆ 25ರ ಬದಲು 26 ಎಂದು ಮುದ್ರಿಸಲು ತಿಳಿಸಿದರು. ಮಾಳಿಗೆಯ ತರುಣನಿಗೆ ಮಾರಾಟದ ಬಿಲ್ಲನ್ನು ಸರಿಪಡಿಸುವಂತೆ ಹೇಳಲಾಯಿತು. ಅವನು ಅದನ್ನು ಒಂದೇ ರಾತ್ರಿಯಲ್ಲಿ ಮಾಡಿ ಮುಗಿಸಿದನು. ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಚುರುಕಾಗಿಯೇ ಮಾಡಿದರು.

ಆದರೆ ಗಣಕಯಂತ್ರದೊಳಗಿನ ಜೂನ್ ತಿಂಗಳ ಖರೀದಿ ಆದೇಶದಲ್ಲಿ 25 ಕಿಲೋ ಚೀಲವೇ ಉಳಿದಿತ್ತು. ಜುಲೈ ಕೊನೆಯಲ್ಲಿ 26 ಕಿಲೋ ಚೀಲಗಳು ಬಂದವು. ಉಗ್ರಾಣದವರು ಎಣಿಸಿಕೊಂಡು ಕೈಪುಸ್ತಕದಲ್ಲಿ ಬರೆದುಕೊಂಡರು. ಯಂತ್ರದಲ್ಲಿ ದಾಖಲಿಸಲು ಹೋದಾಗ ಆದೇಶದಲ್ಲಿ ಅಂಥ ಚೀಲವೇ ಇಲ್ಲವೆಂದು ಅದು ನಿರಾಕರಿಸಿತು. ಆಮೇಲೆ ಮೇಲಿನವರಿಗೆ ಹೇಳಿದರಾಯಿತು ಎಂದು ಅವರು ಮುಂದಿನ ಲಾರಿಯ ಕಡೆ ನಡೆದರು. ಘಟಕದವನ ಬಿಲ್ಲು ‘ಆದೇಶಕ್ಕೆ ಹೊಂದುವುದಿಲ್ಲ’ ಎಂಬ ಗುರುತಿನೊಡನೆ ತಡೆಯ ಪಟ್ಟಿಗೆ ಸೇರಿತು. ಹದಿನೈದು ದಿನಕ್ಕೊಮ್ಮೆ ಪಾವತಿಯ ಪಟ್ಟಿ ಲೆಕ್ಕಿಗರ ಮುಂದೆ ಬರುತ್ತಿತ್ತು. ಹೊಂದಿದ ಬಿಲ್ಲುಗಳಿಗೆ ಅವರು ಸಹಿ ಹಾಕುವರು. ಹೊಂದದವು ಪಟ್ಟಿಯ ಕೆಳಗೆ ಸಣ್ಣ ಅಕ್ಷರಗಳಲ್ಲಿ ಇರುವವು. ಸರಕು ಬಂದಿರಲಿಕ್ಕಿಲ್ಲವೆಂದು ಲೆಕ್ಕದ ಕೋಣೆ ತಿಳಿದಿತ್ತು, ಹಣ ಹೋಗಿರಬೇಕೆಂದು ಉಗ್ರಾಣ ತಿಳಿದಿತ್ತು, ಇಬ್ಬರಿಗೂ ಗೊತ್ತಿರಬೇಕೆಂದು ಮಾಳಿಗೆ ತಿಳಿದಿತ್ತು. ಅಷ್ಟರಲ್ಲಿ ಆ ಚೀಲಗಳಲ್ಲಿ ಅಕ್ಕಿ ತುಂಬಿ, ಮಾರಾಟವಾಗಿ, ಹಣವೂ ಬಂದಾಗಿತ್ತು.

ದೀಪಾವಳಿಗೆ ಹೊಸ ವಹಿಗಳನ್ನು ತರಿಸಿದ ದಿನ ಆ ಘಟಕದವನು ಬಂದು ಬಾಗಿಲಲ್ಲಿ ನಿಂತನು. ಮನೆಯ ಮುಂದಿನ ಪಡಸಾಲೆಯಲ್ಲಿ ನಾಲ್ಕು ಹೊಲಿಗೆ ಯಂತ್ರಗಳನ್ನು ಇಟ್ಟುಕೊಂಡು, ಓಣಿಯ ಹೆಂಗಸರಿಗೆ ಚೀಲಕ್ಕಿಷ್ಟು ಎಂದು ಕೂಲಿ ಕೊಡುವವನು. ಅವನು ಜಗಳವಾಡಲಿಲ್ಲ. “ದೊಡ್ಡವರ ಲೆಕ್ಕ, ತಡ ಆಗತೈತ್ರಿ. ಹಬ್ಬಕ್ಕ ಹೆಣ್ಮಕ್ಕಳ ಕೂಲಿ ಕೊಡಬೇಕಾಗೇತಿ, ಅದಕ್ಕ ಬಂದೀನ್ರಿ” ಎಂದನು. ದಸರೆಗೆ ಕೂಲಿ ಕೊಡಲು ಬಡ್ಡಿಗೆ ಕೈಸಾಲ ತಂದಿದ್ದ ಸಂಗತಿ ಕೇಳಿದ ಮೇಲೆ ಹೊರಬಂದಿತು.

ಲೆಕ್ಕಿಗರು ಅವನ ಬಿಲ್ಲನ್ನು ಹಿಡಿದು ಮೊದಲು ಉಗ್ರಾಣಕ್ಕೆ, ಅನಂತರ ಮಾಳಿಗೆಗೆ ಹೋದರು. ಕೈಪುಸ್ತಕದ ಸಾಲನ್ನು ನೋಡಿ, ಆದೇಶದಲ್ಲಿ ಚೀಲದ ಸಂಕೇತವನ್ನು ಬದಲಿಸಿ, ಸರಕು ಬಂದುದನ್ನು ದಾಖಲಿಸುವುದಕ್ಕೆ ಹತ್ತು ನಿಮಿಷಗಳೂ ಹಿಡಿಯಲಿಲ್ಲ. ಹಿಂದಿರುಗಿ ಬಂದು ಹಳೆಯ ಪಾವತಿ ಪಟ್ಟಿಗಳನ್ನು ತೆಗೆದು ನೋಡಿದಾಗ, ಅವನ ಬಿಲ್ಲು ಕೆಳಗೆ ಬಿದ್ದಿದ್ದ ಐದು ಪಟ್ಟಿಗಳ ಮೇಲೆ ತಮ್ಮದೇ ಸಹಿ ಇತ್ತು. ಜುಲೈ ತಿಂಗಳ ತಮ್ಮ ಟಿಪ್ಪಣಿಯನ್ನೂ ತೆಗೆದರು. ಅದರಲ್ಲಿ ತೆರಿಗೆ, ದರ, ಬಿಲ್ಲು ಎಲ್ಲವೂ ಇದ್ದವು. ಚೀಲವೊಂದೇ ಇರಲಿಲ್ಲ.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದೆಂದು ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಕೊಳ್ಳುವಾಗ ಒಂದು ಅಳತೆ, ಮಾರುವಾಗ ಇನ್ನೊಂದು ಅಳತೆ ಇಟ್ಟುಕೊಳ್ಳುವವನ ಚಿತ್ರ ಅಲ್ಲಿ ಕಣ್ಣಿಗೆ ಕಟ್ಟುತ್ತದೆ. ಆದರೆ ಇಲ್ಲಿ ತಕ್ಕಡಿ ಹಿಡಿದ ಕೈ ಯಾರದು? ಕೊಡದೆ ಇದ್ದುದನ್ನು ಯಾರೂ ತಮ್ಮ ಜೇಬಿಗೆ ಹಾಕಿಕೊಳ್ಳಲಿಲ್ಲ. ಆದಾಗ್ಯೂ ಒಬ್ಬನ ದುಡಿಮೆಯ ಹಣ ಮೂರು ತಿಂಗಳ ಕಾಲ ಇನ್ನೊಬ್ಬರ ಖಾತೆಯಲ್ಲಿ ನಿಂತಿತು, ಅದರ ಬಡ್ಡಿಯನ್ನು ಹೊಲಿಗೆ ಯಂತ್ರದವನು ತೆತ್ತನು. ಹಿಂಸೆಗೂ ಚೌರ್ಯಕ್ಕೂ ಪ್ರಮಾದವನ್ನೇ ಮೂಲವೆಂದು ಎಣಿಸಿದ ಆಚಾರ್ಯರು ಬಹುಶಃ ಒಬ್ಬ ವ್ಯಕ್ತಿಯ ಅಜಾಗರೂಕತೆಯನ್ನು ಮನಸ್ಸಿನಲ್ಲಿಟ್ಟುಕೊಂಡಿರಬಹುದು. ಮೂರು ಕೋಣೆಗಳ ನಡುವಿನ ಅಂಗಳದಲ್ಲಿ ವಾಸಿಸುವ ಪ್ರಮಾದವು ದೊಡ್ಡ ಕಾರ್ಖಾನೆಗಳ ಸೃಷ್ಟಿ.

ಇದು ನಮ್ಮ ಸೀಮೆಯ ಗಿರಣಿಗಳಿಗಷ್ಟೇ ಸೀಮಿತವಾದ ದೋಷವಲ್ಲ. ಅಮೆರಿಕದ ಹರ್ಷೀಸ್ ಎಂಬ ಚಾಕೊಲೇಟ್ ಕಂಪನಿಯು 1999ರಲ್ಲಿ ಬಹುಕೋಟಿ ವೆಚ್ಚದ ಹೊಸ ಗಣಕ ವ್ಯವಸ್ಥೆಯನ್ನು ಅಳವಡಿಸಿತು. ಅಲ್ಲಿಯ ಮಕ್ಕಳ ಮಿಠಾಯಿ ಹಬ್ಬವಾದ ಹ್ಯಾಲೊವೀನ್ ಹೊತ್ತಿಗೆ, ಗೋದಾಮಿನಲ್ಲಿ ಸರಕು ಇದ್ದರೂ ಸುಮಾರು 10 ಕೋಟಿ ಡಾಲರ್ ಬೆಲೆಯ ಬೇಡಿಕೆಗಳನ್ನು ಪೂರೈಸಲು ಅದಕ್ಕೆ ಆಗಲಿಲ್ಲ. ಅಂಥ ಕಂಪನಿಯು ಒಂದು ವರ್ಷದ ನಷ್ಟವನ್ನು ತಾಳಿಕೊಂಡೀತು. ಪಡಸಾಲೆಯ ನಾಲ್ಕು ಯಂತ್ರಗಳಿಗೆ ಆ ಶಕ್ತಿ ಇಲ್ಲ.

ವ್ಯತ್ಯಾಸ ಬರುವುದೇ ತಪ್ಪೆಂದೂ ಭಾವಿಸಬೇಕಾಗಿಲ್ಲ. ಸರ್ಕಾರಕ್ಕಾಗಿ ಭತ್ತ ಅರೆದುಕೊಡುವ ಗಿರಣಿಯು 100 ಕಿಲೋ ಭತ್ತಕ್ಕೆ, ಕುದಿಸದ ಅಕ್ಕಿಯಾದರೆ, 67 ಕಿಲೋ ಹಿಂದಿರುಗಿಸಬೇಕೆಂಬ ನಿಯಮವಿದೆ. ಗೇಟಿನಲ್ಲಿ ತೂಗಿದಾಗ ಇದ್ದ ತೇವಾಂಶ ಅರೆಯುವ ದಿನ ಇರುವುದಿಲ್ಲ. ಕಾಗದದ 67 ಮತ್ತು ಕಣ್ಣ ಮುಂದಿನ ರಾಶಿ ಎಂದೂ ಕರಾರುವಾಕ್ಕಾಗಿ ಕೂಡುವುದಿಲ್ಲ. ಆ ಅಂತರವನ್ನು ಯಾರು, ಎಂದು, ಯಾರ ಜೊತೆ ಕುಳಿತು ಕೇಳುತ್ತಾರೆ ಎಂಬುದೇ ಪ್ರಶ್ನೆ.

ಇದಕ್ಕೆ ಉತ್ತರ ಗುರುಗುಂಟಾದ ನೆರೆಯಲ್ಲೇ ಇತ್ತು. ಹಟ್ಟಿಯಲ್ಲಿ 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿಯೆಂದು ಸ್ಥಾಪಿತವಾಗಿ, ಮುಂದೆ ಕರ್ನಾಟಕ ಸರ್ಕಾರದ ಉದ್ಯಮವಾದ ಸಂಸ್ಥೆಯಿದೆ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದ ಮೇಲೂ ಅದು ಚಿನ್ನ ತೆಗೆಯುತ್ತ ಬಂದಿತು. ಟನ್ನುಗಟ್ಟಲೆ ಕಲ್ಲಿನಿಂದ ಕೆಲವೇ ಗ್ರಾಂ ಚಿನ್ನ ಸಿಗುವ ಈ ಉದ್ಯಮದಲ್ಲಿ, ಪಾತಾಳದಲ್ಲಿ ಅಳೆದವರು ಇಷ್ಟು ಚಿನ್ನ ಬರಬೇಕೆಂದು ಹೇಳುತ್ತಾರೆ. ಅರೆಯುವ ಗಿರಣಿಯಲ್ಲಿ ದೊರೆತದ್ದೂ ಹೊರಚೆಲ್ಲಿದ ಪುಡಿಯಲ್ಲಿ ಉಳಿದದ್ದೂ ಸೇರಿ ಇನ್ನೊಂದು ಲೆಕ್ಕವಾಗುತ್ತದೆ. ಈ ಎರಡರ ಅನುಪಾತಕ್ಕೆ ಜಗತ್ತಿನ ಚಿನ್ನದ ಗಣಿಗಾರರು ‘ಮೈನ್ ಕಾಲ್ ಫ್ಯಾಕ್ಟರ್’ ಎಂದು ಹೆಸರಿಟ್ಟಿದ್ದಾರೆ. ಎರಡು ಪುಸ್ತಕಗಳು ಕೂಡುತ್ತವೆಂದು ಅವರು ನಂಬಿ ಕೂರುವುದಿಲ್ಲ. ಕೂಡದ ಭಾಗಕ್ಕೆ ಒಂದು ಹೆಸರು, ಒಂದು ಸಂಖ್ಯೆ ಕೊಟ್ಟು ಅದನ್ನೇ ವಿಚಾರಿಸುತ್ತಾರೆ. ಚಿನ್ನಕ್ಕೆ ದೊರೆತ ಈ ಗೌರವವು ಚೀಲ ಹೊಲಿಯುವವನ ಬಿಲ್ಲಿಗೂ ದೊರೆಯಬಾರದೇಕೆ?

ಬಾಲ್ಯದಲ್ಲಿ ಅಂಗಡಿಯ ಕಟ್ಟೆಯ ಮೇಲೆ ಗಣಿಯವರ ಮಾತು ಕೇಳಿ ಬೆಳೆದ ಲೆಕ್ಕಿಗರಿಗೆ ಈ ಪದ್ಧತಿ ಹೊಳೆದದ್ದು ಸಹಜವೇ ಆಗಿತ್ತು. ದೀಪಾವಳಿಯ ನಂತರ ಪ್ರತಿ ಶನಿವಾರ ಮೂರೂ ಕೋಣೆಗಳವರು ಉಗ್ರಾಣದ ಮೇಜಿನ ಸುತ್ತ ಸೇರಬೇಕೆಂದು ಅವರು ಕೇಳಿಕೊಂಡರು. ಒಂದೇ ಹಾಳೆ: ಬಂದಿದೆ, ಬಿಲ್ಲಿಲ್ಲ, ಬಿಲ್ಲಿದೆ, ಬಂದಿಲ್ಲ, ಎರಡೂ ಇವೆ, ಯಂತ್ರಕ್ಕೆ ಗೊತ್ತಿಲ್ಲ. ಮೊದಲ ಶನಿವಾರ ಉಗ್ರಾಣದ ಹಿರಿಯರು ಇದು ತಮ್ಮ ಮೇಲಿನ ಆರೋಪವೆಂದು ಮುನಿಸಿಕೊಂಡು ಎದ್ದುಹೋದರು. ಲೆಕ್ಕಿಗರು ತಾವು ಸಹಿ ಹಾಕಿದ ಐದು ಪಟ್ಟಿಗಳನ್ನು ಮೇಜಿನ ಮೇಲಿಟ್ಟ ಮೇಲೆ ಅವರು ಮರಳಿ ಬಂದು ಕುಳಿತರು. ಸುಗ್ಗಿಯ ತಿಂಗಳಲ್ಲಿ ಎಷ್ಟೋ ಶನಿವಾರಗಳು ತಪ್ಪಿದವು. ತಪ್ಪಿದ ವಾರಗಳ ಹಾಳೆಗಳು ಯಾವಾಗಲೂ ಉದ್ದವಾಗಿದ್ದವು.

ಘಟಕದವನ ಅಸಲು ಅವನು ಬಂದ ದಿನವೇ ಸಂದಿತು. ಉಳಿದದ್ದು ಬಡ್ಡಿಯ ಮಾತು. 2006ರ ಸಣ್ಣ ಉದ್ಯಮಗಳ ಕಾಯ್ದೆಯಂತೆ, ಒಪ್ಪಂದವಿದ್ದರೂ 45 ದಿನ ಮೀರಿ ಹಣ ತಡೆದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಲೆಕ್ಕಿಗರು ಅದನ್ನು ಲೆಕ್ಕ ಹಾಕಿ ಮಾಲೀಕರ ಮುಂದಿಟ್ಟರು. “ಅವನೇನು ಕೇಳಿದ್ದಾನೆಯೇ?” ಎಂದು ಮಾಲೀಕರು ನಕ್ಕರು. ಕೇಳಿರಲಿಲ್ಲ. ಲೆಕ್ಕಿಗರು ವಾದಿಸಲಿಲ್ಲ, ಆದರೆ ಕೊಡಬೇಕಾದ ಬಾಕಿಗಳ ಖಾತೆಯಲ್ಲಿ ಅದನ್ನೊಂದು ಸಾಲಾಗಿ ಬರೆದರು. ಒಂದು ದೀಪಾವಳಿ ಕಳೆಯಿತು. ಆ ಸಾಲು ಹೊಸ ವಹಿಗೆ ಇಳಿಯಿತು.

2023ರ ಹಣಕಾಸು ಕಾಯ್ದೆಯು, ಸಣ್ಣ ಉತ್ಪಾದಕರಿಗೆ ಗಡುವಿನೊಳಗೆ ಸಲ್ಲದ ಹಣವನ್ನು ಅದು ಸಲ್ಲುವ ವರ್ಷದವರೆಗೆ ಖರ್ಚೆಂದು ತೋರಿಸಲು ಬಾರದೆಂದು ಆದಾಯ ತೆರಿಗೆಯಲ್ಲಿ ವಿಧಿಸಿತು. 2024ರಲ್ಲಿ ಬಂದ ಲೆಕ್ಕ ಪರಿಶೋಧಕರು ಅಂಥ ಪೂರೈಕೆದಾರರ ಪಟ್ಟಿ ಕೇಳಿ, ಖಾತೆಯನ್ನು ತಿರುವುವಾಗ ಆ ಒಂಟಿ ಸಾಲಿನ ಮೇಲೆ ಬೆರಳಿಟ್ಟು ಇದೇನೆಂದು ವಿಚಾರಿಸಿದರು. ಮಾಲೀಕರೂ ಅಲ್ಲಿಯೇ ಕುಳಿತಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೊಟ್ಟುಬಿಡಿ” ಎಂದರು.

ಮೊತ್ತ ದೊಡ್ಡದಾಗಿರಲಿಲ್ಲ. ಚೆಕ್ಕನ್ನು ಒಯ್ಯಲು ಬಂದ ಘಟಕದವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ತನ್ನ ಸಣ್ಣ ಪುಸ್ತಕವನ್ನು ತೆಗೆದು ಹಾಳೆಗಳನ್ನು ಹುಡುಕಿದನು. ಅಲ್ಲಿ ಅಷ್ಟು ಬಾಕಿ ಎಲ್ಲಿಯೂ ಇರಲಿಲ್ಲ.

“ಇದು ಯಾವ ಬಿಲ್ಲಿಂದ್ರಿ ಸಾಹೇಬ್ರ? ನನ್ನ ಪುಸ್ತಕದಾಗ ಬರದಿಲ್ಲಲ್ರಿ” ಎಂದು ಅವನು ಚೆಕ್ಕನ್ನು ಮೇಜಿನ ಮೇಲೆ ಮರಳಿ ಇಟ್ಟನು. ಲೆಕ್ಕಿಗರು ಅವನಿಗೆ ಕುರ್ಚಿ ತೋರಿಸಿ, 2022ರ ಖಾತೆಯನ್ನು ತರಿಸಿದರು.